ಮದುಮಗನ ಬಾಕು ಮತ್ತು ಒಂಬತ್ತು ಇಂಚು

ಪೊಲೀಸ್ ಔಟ್‌ಪೋಸ್ಟಿನ ಬೆಂಚಿನ ಮೇಲೆ ಮದುಮಗ ಕೂತಿದ್ದರು. ಹಣೆಗೆ ಬಾಸಿಂಗ, ಕೆನ್ನೆಗೆ ದೃಷ್ಟಿಬೊಟ್ಟು, ಬಲಗೈಯಲ್ಲಿ ತುದಿಗೆ ನಿಂಬೆಹಣ್ಣು ಚುಚ್ಚಿದ ಬಾಕು.

ಅವರು ನನ್ನ ಅಕ್ಕ ಲಲಿತಳ ಕೈ ಹಿಡಿಯಬೇಕಿದ್ದ ಬಂಡಳ್ಳಿಯ ಮಾದೇವು. ಮುಹೂರ್ತಕ್ಕೆ ಉಳಿದದ್ದು ಒಂದೂವರೆ ಗಂಟೆ.

ಎಪ್ಪತ್ತರ ದಶಕದ ಶುರು. ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನಾನು ಆಗಷ್ಟೇ ಕನ್ನಡ ಸಾಹಿತ್ಯದಲ್ಲಿ ಬಿ.ಎ. ಮುಗಿಸಿದ್ದೆ. ನಾಲ್ಕು ಜನರೆದುರು ಬಾಯಿ ಬಿಡಲಾಗದವನು. ಆದರೂ ಇಂಗ್ಲಿಷ್ ಓದಬಲ್ಲೆ ಅಂತ ಮನೆಯವರು ನನ್ನನ್ನೇ ಔಟ್‌ಪೋಸ್ಟಿಗೆ ಓಡಿಸಿದರು.

ಆ ವಾರ ಪೇಟೆಯಲ್ಲಿ ಏನೋ ಹೊಡೆದಾಟವಾಗಿ, ಆಯುಧ ಹಿಡಿದು ಓಡಾಡಕೂಡದು ಎಂದು ತಮಟೆ ಹೊಡೆಸಿದ್ದರು. ಯಾವುದು ಆಯುಧ, ಯಾವುದು ಅಲ್ಲ ಅಂತ ಮಾತ್ರ ಸಾರಿರಲಿಲ್ಲ.

ಔಟ್‌ಪೋಸ್ಟಿನ ಎದುರಿಗೇ ಎಳನೀರಿನವನು ಮೊಳದುದ್ದದ ಮಚ್ಚು ಬೀಸುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ. ದಿಬ್ಬಣದ ವ್ಯಾನನ್ನು ತಡೆದರು.

ನಮ್ಮ ಕಡೆ ಗಂಡು ಮನೆ ಬಿಟ್ಟಾಗಿನಿಂದ ತಾಳಿ ಕಟ್ಟುವವರೆಗೂ ಬಾಕು ಅವನ ಕೈ ಬಿಡುವಂತಿಲ್ಲ. ಕೆಳಗಿಟ್ಟರೆ ಸಂಸಾರಕ್ಕೆ ಕೇಡು ಎನ್ನುತ್ತಾರೆ. ಹಾಗಾಗಿ ಪೊಲೀಸರು ಬಾಕು ಕೇಳಿದಾಗ ಅದರ ಜೊತೆ ಮದುಮಗನೂ ಇಳಿದು ಬಂದಿದ್ದರು.

ವ್ಯಾನಿನ ಪಕ್ಕ ಅವರ ತಾಯಿ ಪುಟ್ಟತಾಯಮ್ಮ ನಿಂತಿದ್ದರು. ನನ್ನನ್ನು ಕಂಡದ್ದೇ ಮುಖ ತಿರುಗಿಸಿದರು.

ಧಾರೆ ಸೀರೆ ಇನ್ನೂ ಮಗ್ಗದಿಂದ ಇಳಿದಿಲ್ಲ ಅಂತ ನಮ್ಮಪ್ಪ ಮದುವೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದ್ದರು. ಅಂದಿನಿಂದಲೇ ಆಕೆಗೆ ನಮ್ಮ ಮೇಲೆ ಅನುಮಾನ. ಪೊಲೀಸರಿಗೆ ಸುದ್ದಿ ಮುಟ್ಟಿಸಿದ್ದು ಹೆಣ್ಣಿನ ಕಡೆಯವರೇ ಅಂತ, ನನಗೆ ಕೇಳುವಷ್ಟು ಮೆಲ್ಲಗೆ, ಪಕ್ಕದವರಿಗೆ ಹೇಳುತ್ತಿದ್ದರು.

ನನಗೂ ಆಕೆಯ ಮೇಲೆ ಅನುಮಾನವೇ. ಮದುವೆ ಮುರಿಯಲು ನೆಪ ಸಿಕ್ಕಿತೇನೋ...

ಒಳಗೆ ದಫೇದಾರರು ಟೈಪ್ ಮಾಡಿದ ಇಂಗ್ಲಿಷ್ ಹಾಳೆಯೊಂದನ್ನು ನನ್ನತ್ತ ತಳ್ಳಿದರು. ಅಲಗು ಒಂಬತ್ತು ಇಂಚು ಉದ್ದ ಅಥವಾ ಎರಡು ಇಂಚು ಅಗಲ ದಾಟಿದರೆ ಲೈಸೆನ್ಸ್ ಬೇಕು. ಮನೆಬಳಕೆಯ, ಬೇಸಾಯದ ಸಾಮಾನಿಗೆ ಬೇಡ.

ಮದುವೆಯೂ ಮನೆಬಳಕೆಯೇ ಅಲ್ಲವೇ ಎಂದೆ, ನೆಲ ನೋಡುತ್ತಾ. ಮನೆಬಳಕೆ ಎಂದರೆ ಸೊಪ್ಪು ಹೆಚ್ಚುವುದು ಎಂದರು. ನಾನು ನೆಲ ನೋಡುತ್ತಲೇ ನಿಂತದ್ದಕ್ಕೆ ಅನುಮಾನ ಬಂದು ನನ್ನ ಜೇಬನ್ನೂ ತಡವಿ ನೋಡಿದರು.

"ನಿಮ್ ಮದ್ವೆ ನಿಲ್ಸಿ ನಂಗೇನಾಗ್ಬೇಕು? ಒಂಬತ್ತಿಂಚು ಒಳಗಿದ್ರೆ ಚಾಕು, ದಾಟುದ್ರೆ ಆಯುಧ. ಅಳೆಸ್‌ಬುಟ್ಟು ಓಯ್ತಾ ಇರಿ."

ಸ್ಕೇಲ್ ತಂದರು. ಅಲಗಿನ ತುದಿ ನಿಂಬೆಹಣ್ಣಿನಾಚೆ ಕಾಣುತ್ತಿದೆ, ಆದರೆ ಬುಡ ಮದುಮಗನ ಮುಷ್ಟಿಯೊಳಗಿದೆ. ಎಲ್ಲಿಂದ ಅಳೆಯುವುದು?

"ಕೆಳಗಿಟ್ರೆ ನಮ್ಮವ್ವ ಮಂಟಪಕ್ಕೇ ಬರಕಿಲ್ಲ ಸಾ," ಅಂದರು ಮಾದೇವು.

"ಇಡ್ದೆ ಇದ್ರೆ ನೀನೂ ಓಗಕಿಲ್ಲ ಕಣಪ್ಪ."

ಮಾದೇವು ಗಡಿಯಾರ ನೋಡಿದರು. ಬಾಗಿಲು ನೋಡಿದರು. ಕೊನೆಗೆ ನನ್ನ ಮುಖ ನೋಡಿದರು. ಆಮೇಲೆ ಬಾಕನ್ನು ಮೇಜಿನ ಮೇಲೆ ಇಟ್ಟು ಕೈ ತೆಗೆದರು.

ಎಂಟೂಮುಕ್ಕಾಲು ಇಂಚು.

ಸ್ಕೇಲಿನ ಮೊದಲ ಗೆರೆ ಅಲಗಿನ ಬುಡಕ್ಕಿಂತ ಚೂರು ಮುಂದಿತ್ತು ಅಂತ ನನಗೆ ಕಂಡಿತು. ದಫೇದಾರರು ಬೇಕೆಂದೇ ಹಾಗಿಟ್ಟರೋ, ಅವರ ಕಣ್ಣೇ ಮಂಜೋ... ಇವತ್ತಿಗೂ ಗೊತ್ತಿಲ್ಲ. ಹೋಗಿ ಅಂದರು, ಎದ್ದೆವು.

ಹೊರಗೆ ಬಂದದ್ದೇ ಪುಟ್ಟತಾಯಮ್ಮ ಮಗನನ್ನು ಬಿಟ್ಟು ನನ್ನೆದುರು ನಿಂತರು.

"ಕೈ ಬುಟ್ಟಿದ್ನಾ?"

ಚಪ್ಪರದಲ್ಲಿ ಅಕ್ಕ ಅದೇ ಧಾರೆ ಸೀರೆ ಉಟ್ಟು ಕೂತಿದ್ದಾಳೆ. ನಾನು ಹೌದು ಅಂದರೆ ಈ ವ್ಯಾನ್ ಇಲ್ಲಿಂದಲೇ ಬಂಡಳ್ಳಿಗೆ ತಿರುಗುತ್ತದೆ.

"ಇಲ್ಲ," ಅಂದೆ.

ಆಕೆ ನನ್ನ ಕಣ್ಣನ್ನೇ ನೋಡಿದರು. ಆಮೇಲೆ ಮಗನ ಹೆಗಲ ಮೇಲಿನ ವಲ್ಲಿಯ ಅಂಚು ಹರಿದು, ಬಾಕನ್ನು ಅವರ ಬೆರಳುಗಳಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದರು. ಮಂಟಪದಲ್ಲಿ ಮಾದೇವು ಎಡಗೈಯಲ್ಲೇ ತಾಳಿ ಹಿಡಿದರು. ತಾಳಿಯ ಗಂಟು ಹಾಕಲು ಅವರ ಸೋದರತ್ತೆ ಕೈ ಜೋಡಿಸಬೇಕಾಯಿತು.

ಎರಡನೇ ವರ್ಷ ಅಕ್ಕನಿಗೆ ಮಗು ಹುಟ್ಟಿತು. ಮೂರೇ ದಿನಕ್ಕೆ ಹೋಯಿತು.

ಆಮೇಲೆ ಒಂದು ದಿನ ಬಂಡಳ್ಳಿಯಿಂದ ನನಗೊಬ್ಬನಿಗೇ ಕರೆ ಬಂತು. ಹೋದೆ.

ಪುಟ್ಟತಾಯಮ್ಮ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ಭಾವ ಕಂಬಕ್ಕೆ ಒರಗಿ ನಿಂತಿದ್ದರು. ಅಕ್ಕ ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಊಟ ಬಿಟ್ಟು ಎರಡು ದಿನವಾಗಿತ್ತಂತೆ.

"ಈಗಲಾದ್ರೂ ನಿಜ ಯೋಳು. ಅವತ್ತು ಬಾಕ ಕೆಳಕ್ಕಿಟ್ಟಿದ್ನಾ? ಇಟ್ಟಿದ್ರೆ ಕೇಡು ಅದ್ರದು. ಇಲ್ದಿದ್ರೆ ಇವಳ ಕಾಲ್ಗುಣ ಅಂತ ನಾನು ತಿಳ್ಕತೀನಿ."

ಎರಡು ವರ್ಷ ಅಕ್ಕನನ್ನು ಕಾಯುತ್ತಿದೆ ಅಂದುಕೊಂಡಿದ್ದ ನನ್ನ ಸುಳ್ಳು, ಈಗ ಅವಳ ಕುತ್ತಿಗೆಗೇ ಬಂದಿದೆ.

ಭಾವನನ್ನು ನೋಡಿದೆ. ಅವರು ಹೇಳಬಹುದಿತ್ತು. ಅವರು ತಲೆ ಎತ್ತುವುದೇ ಇಲ್ಲ.

"ಇಟ್ಟಿದ್ದರು," ಅಂದೆ. "ಮೇಜಿನ ಮೇಲೆ. ನಾನೇ ನೋಡಿದೆ."

ಆಕೆ ಎದ್ದು ಒಳಗೆ ಹೋಗಿ, ಅಕ್ಕನ ಭುಜ ಹಿಡಿದು ಎಬ್ಬಿಸಿ ಕೂರಿಸಿ, ತಾವೇ ಅನ್ನ ಕಲಸಿ ಅವಳ ಮುಂದಿಟ್ಟರು. ಆ ದಿನದ ನಂತರ ಕಾಲ್ಗುಣದ ಮಾತು ಆ ಮನೆಯಲ್ಲಿ ಬರಲಿಲ್ಲ.

ನನಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ. ಬದುಕಿರುವವರೆಗೂ ಆಕೆ ನನ್ನ ಯಾವ ಮಾತನ್ನೂ ನಂಬಲಿಲ್ಲ. ಭಾವ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದರು.

ಆ ಶಕುನವನ್ನು ನಾನು ಅಂದೂ ನಂಬಿರಲಿಲ್ಲ, ಇಂದೂ ನಂಬುವುದಿಲ್ಲ. ನಾನೇ ನಂಬದ ಒಂದರ ಮೇಲೆ ಆ ಸಾವನ್ನು ಹೊರಿಸಿ ಅಕ್ಕನನ್ನು ಬಿಡಿಸಿಕೊಂಡು ಬಂದೆ... ನೀವಾಗಿದ್ದರೆ ಆ ಜಗಲಿಯ ಮೇಲೆ ಏನು ಹೇಳುತ್ತಿದ್ದಿರಿ?