ಟಾರ್ಚ್ ಅಕ್ಕನ ಸಿನಿಮಾ
ಚಿತ್ರಮಂದಿರದಲ್ಲಿ ಸೀಟು ತೋರಿಸುವ ಟಾರ್ಚ್ ಅಕ್ಕ ಮಾಯಾಶಕ್ತಿಯ ಹುಡುಗಿಯೊಬ್ಬಳ ಕಾರ್ಟೂನ್ ಸಿನಿಮಾವನ್ನು ನೂರು ಸಲವಾದರೂ ನೋಡಿದ್ದಾಳೆ. ಪರದೆಯ ನೀಲಿ ಬೆಳಕು ನೀರಿನಂತೆ ಮುಖದ ಮೇಲೆ ಹರಿಯುವಾಗ ನಿಂತಲ್ಲೇ ತೇಲುತ್ತಾಳೆ. ಆ ಮೈಮರೆವಿನಲ್ಲಿ ತಡವಾಗಿ ಬಂದವರನ್ನು ಇನ್ನೊಬ್ಬರ ತೊಡೆಯ ಮೇಲೆ ಕೂರಿಸಿದ್ದೂ ಉಂಟು. ಗೆಳತಿಯನ್ನು ಉಳಿಸಲು ಹುಡುಗಿ ಪ್ರಾಣ ಕೊಡಲು ಹೊರಟಾಗ, "ಬೇಡ ಕಣೇ, ಅವಳಿಗೆ ಗೊತ್ತೂ ಆಗಲ್ಲ," ಎಂದು ಪರದೆಗೇ ಬುದ್ಧಿ ಹೇಳುತ್ತಾಳೆ. ಅಳುವವರಿಗೆ, "ಸುಮ್ನಿರಿ, ಮೂರು ಗಂಟೆ ಆಟಕ್ಕೆ ಮತ್ತೆ ಬದುಕ್ತಾಳೆ," ಎನ್ನುತ್ತಾಳೆ. ತಂಗಿಯನ್ನು ಓದಿಸಲೆಂದೇ ಶಾಲೆ ಬಿಟ್ಟು ಕೆಲಸಕ್ಕೆ ನಿಂತವಳು, "ನಂಗೆ ಓದು ತಲೆಗೆ ಹತ್ತಲಿಲ್ಲ," ಎಂದೇ ಅವಳನ್ನು ನಂಬಿಸಿದ್ದಾಳೆ. ಮೊನ್ನೆ ಆ ತಂಗಿಯೇ ಸಿನಿಮಾ ನೋಡಿ, ಕಣ್ಣೊರೆಸಿಕೊಂಡು, "ಇನ್ನೊಬ್ರಿಗೋಸ್ಕರ ಯಾರಾದ್ರೂ ಇಷ್ಟೆಲ್ಲ ಮಾಡ್ತಾರೇನಕ್ಕ?" ಎಂದು ಕೇಳಿದಳು. "ಸಿನಿಮಾ ಅಲ್ವೇನೇ, ಮಾಡ್ತಾರೆ. ಮೆಟ್ಟಿಲಿದೆ, ನೋಡ್ಕೊಂಡು ಇಳಿ," ಎಂದು ಅಕ್ಕ ಅವಳ ಕೈ ಹಿಡಿದುಕೊಂಡಳು.