ಅತ್ಯಾನ ತಟ್ಟೆಯಲ್ಲಿದ್ದ ಚಂದ್ರ

೧೯೭೨ನೆಯ ಇಸವಿಯ ಡಿಸೆಂಬರ್ ಹದಿನೈದು, ಶುಕ್ರವಾರ. ನಸುಕಿನ ನಾಲ್ಕೂವರೆಗೆ ಕೆಲವೇ ನಿಮಿಷ ಇರುವಾಗ, ಚಂದ್ರನ ನೆಲದ ಮೇಲಿದ್ದ ಕೊನೆಯ ಇಬ್ಬರು ಮನುಷ್ಯರು ಅಲ್ಲಿಂದ ಮೇಲೆದ್ದರು. ಬಹಳಷ್ಟು ಪುಸ್ತಕಗಳು ಹದಿನಾಲ್ಕು ಎಂದು ಬರೆಯುತ್ತವೆ. ಅದು ಹೋದವರ ದೇಶದ ತಾರೀಖು. ಆ ಯಾನಗಳ ಅಧಿಕೃತ ಕಾಲಸೂಚಿಯನ್ನು ಎದುರಿಗಿಟ್ಟುಕೊಂಡು, ನಮ್ಮ ವೇಳೆಗೆ ತಿರುಗಿಸಿ, ಎರಡು ಸಲ ತಾಳೆ ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ನಿವೃತ್ತನಾದ ಮೇಲೆ ಕಟ್ಟಿಟ್ಟಿದ್ದ ಪುಸ್ತಕಗಳ ಪೆಟ್ಟಿಗೆಯಿಂದ ಆ ಕಾಲಸೂಚಿಯನ್ನು ತೆಗೆದಾಗ, ಹುಳ ಹತ್ತದಿರಲೆಂದು ಪುಟಗಳ ನಡುವೆ ಯಾರೋ ಇಟ್ಟಿದ್ದ ಕರ್ಪೂರದ ವಾಸನೆ ಮೊದಲು ಬಂತು, ತಾರೀಖು ಆಮೇಲೆ. ತಣ್ಣಗಿನ, ಮೂಗಿನ ಮೇಲ್ಭಾಗಕ್ಕೆ ಏರಿ ಅಲ್ಲಿಯೇ ನಿಂತುಬಿಡುವ ಆ ವಾಸನೆಯೊಂದಿಗೆ ನಮ್ಮ ಮನೆಯ ದೇವರ ಗೂಡು, ಅದರ ಮುಂದಿನ ಕರಿಕಲ್ಲಿನ ನೆಲ, ಹಿತ್ತಾಳೆಯ ಕರ್ಪೂರದ ಡಬ್ಬಿ, ಆ ಡಬ್ಬಿಯನ್ನು ಬೆರಳ ತುದಿಗಳಿಂದ ಮಾತ್ರ ಮುಟ್ಟುತ್ತಿದ್ದ ನನ್ನ ಅತ್ಯಾ, ಎಲ್ಲವೂ ಒಟ್ಟಿಗೆ ಬಂದವು. ಅವುಗಳಲ್ಲಿ ಒಂದೂ ಈಗ ಇಲ್ಲ. ಮನೆ ಆಲಮಟ್ಟಿಯ ಹಿನ್ನೀರಿನಲ್ಲಿದೆ.

ಬಸವನ ಬಾಗೇವಾಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಆ ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮಾತು ಮರಾಠಿ. ಹೊಸದಾಗಿ ಬಂದವರಿಗೆ ನಾವು ಜಗಳಾಡುತ್ತಿದ್ದೇವೆ ಎಂದೇ ಅನ್ನಿಸುತ್ತಿತ್ತು. ತಂದೆಯ ತಮ್ಮ ವಾಮನ ಕಾಕಾ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಮೊದಲು ಇಂಡಿ, ಆಮೇಲೆ ಸಿಂದಗಿ, ಕೊನೆಗೆ ಮುದ್ದೇಬಿಹಾಳ ಎಂದು ವರ್ಗವಾಗುತ್ತ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. ಅವನ ಕೈಚೀಲದಲ್ಲಿ ಹುರಿಗಡಲೆಯ ಪೊಟ್ಟಣದ ಜೊತೆಗೆ ಚಂದ್ರಯಾನದ ಸುದ್ದಿಯಿದ್ದ ಪತ್ರಿಕೆಯ ತುಣುಕುಗಳು ಇರುತ್ತಿದ್ದವು. ಅವನ ಅಕ್ಕ ಗೋದಾವರಿ, ನಮ್ಮ ಅತ್ಯಾ, ತವರಿನಲ್ಲಿಯೇ ಇದ್ದಳು. ಮದುವೆಯಾದ ಮೂರನೆಯ ವರ್ಷ ಗಂಡ ನೌಕರಿ ಹುಡುಕಿಕೊಂಡು ಪುಣೆಗೆ ಹೋದವರು. ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅತ್ಯಾ ಕುಂಕುಮ ಇಟ್ಟುಕೊಳ್ಳುತ್ತಿದ್ದಳು, ಹಸಿರು ಬಳೆ ತೊಡುತ್ತಿದ್ದಳು. ಅವಳ ಎದುರಿಗೆ ಪುಣೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಗಂಡ ಹೊಳ್ಳಿ ಬರಲೆಂದು ಅವಳು ಹಿಡಿದದ್ದು ಸಂಕಷ್ಟಿಯ ವ್ರತ. ತಿಂಗಳಿಗೊಮ್ಮೆ, ಹುಣ್ಣಿಮೆ ಕಳೆದ ಚೌತಿಯ ದಿನ, ಬೆಳಗಿನಿಂದ ಉಪವಾಸ. ಚಂದ್ರನನ್ನು ಕಂಡು, ಅರ್ಘ್ಯ ಬಿಟ್ಟು, ಆಮೇಲೆ ಊಟ. ಮೋಡವಿದ್ದರೆ ಪಂಚಾಂಗದಲ್ಲಿ ಬರೆದ ಚಂದ್ರೋದಯದ ವೇಳೆ ಮೀರಿದ ಮೇಲೆ ಉಣ್ಣಬಹುದು ಎಂದು ನಮ್ಮ ಆಯಿ, ಅಂದರೆ ಅಜ್ಜಿ, ಎಷ್ಟು ಹೇಳಿದರೂ ಅತ್ಯಾ ಒಪ್ಪುತ್ತಿರಲಿಲ್ಲ. “ಕಾಗದದಾಗ ಮೂಡಿದ ಚಂದ್ರಗ ಕೈ ಮುಗದ್ರ ಕಾಗದದಾಗಿನ ಗಂಡ ಬರ್ತಾನ” ಎನ್ನುತ್ತಿದ್ದಳು. ಕಣ್ಣಿಗೆ ಕಂಡರೆ ಮಾತ್ರ ಊಟ. ಕಾಣದಿದ್ದರೆ ಮರುದಿನ ಸ್ನಾನ, ಪೂಜೆ ಮುಗಿಯುವವರೆಗೂ ತುಟಿಗೆ ನೀರಿಲ್ಲ. ಶ್ರಾವಣ, ಭಾದ್ರಪದದ ಮೋಡಗಳಲ್ಲಿ ಅವಳು ಅಂಗಳದ ತುಳಸಿಕಟ್ಟೆಗೆ ಒರಗಿ, ಕತ್ತು ಮೇಲೆತ್ತಿ ಕೂತಿರುತ್ತಿದ್ದಳು. ಒಳಗೆ ತೊವ್ವೆಗೆ ಕೊಟ್ಟ ಇಂಗಿನ ಒಗ್ಗರಣೆಯ ವಾಸನೆ ಮನೆ ತುಂಬಿರುತ್ತಿತ್ತು, ಮಕ್ಕಳಾದ ನಾವು ಉಂಡು ಮುಗಿಸಿರುತ್ತಿದ್ದೆವು. ಆ ವಾಸನೆ ಅಂಗಳಕ್ಕೂ ಹೋಗುತ್ತಿತ್ತೆಂಬುದು ನಮಗೆ ಹೊಳೆಯುತ್ತಿರಲಿಲ್ಲ. ನಿಮಗೂ ಇಂಥದೊಂದು ಅಂಗಳ ಇದ್ದಿರಬೇಕು. ಅಲ್ಲಿ ಯಾರೋ ಒಬ್ಬರು ನಿಮಗೆ ಗೊತ್ತಾಗದ ಯಾವುದಕ್ಕೋ ಕಾಯುತ್ತ ಕೂತಿದ್ದಿರಬೇಕು.

೧೯೬೯ರ ಜುಲೈ ಇಪ್ಪತ್ತೊಂದರ ಬೆಳಿಗ್ಗೆ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿಯನ್ನು ನಾವು ಕಾಕಾನ ಟ್ರಾನ್ಸಿಸ್ಟರಿನಲ್ಲಿ ಕೇಳಿದೆವು. ನನಗಾಗ ಹತ್ತು ವರ್ಷ. ಸೋಮವಾರವಾದರೂ ಕಾಕಾ ಶಾಲೆಗೆ ಹೋಗಿರಲಿಲ್ಲ. ಕಣ್ಣು ಕೆಂಪಗಾಗಿ, ಗಡ್ಡ ಬೆಳೆದು, ಮಗ ಹುಟ್ಟಿದವನ ಹಾಗೆ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ. ಅತ್ಯಾ ಹೂಬತ್ತಿ ಹೊಸೆಯುತ್ತ ಕೂತಿದ್ದಳು.

“ಗಣಪತಿ ಬಿದ್ದಾಗ ಹಲ್ಲು ಕಿಸದು ನಕ್ಕಿದ್ದ ಈ ಚಂದ್ರಾಮ. ಈಗ ಬೂಟು ಹಾಕ್ಕೊಂಡು ತುಳದಾರ. ಛಲೋ ಆತು.”

“ಅಕ್ಕಾ, ಅಲ್ಲೆ ಗಾಳಿ ಇಲ್ಲ, ನೀರಿಲ್ಲ. ನಗಲಿಕ್ಕೆ ಯಾರೂ ಇಲ್ಲ.”

“ನೀ ಹೋಗಿ ನೋಡಿ ಬಂದೀಯೇನು?”

“ನೋಡಿದವರು ಹೇಳಲಿಕ್ಕತ್ತಾರ. ಇನ್ನ ಮೂರು ದಿನಕ್ಕ ಹೊಳ್ಳಿ ಬರ್ತಾರ ನೋಡು.”

“ಬರಲಿ” ಎಂದಳು ಅತ್ಯಾ, ಬತ್ತಿಯಿಂದ ಕಣ್ಣೆತ್ತದೆ. “ಹೋಗೋದು ದೊಡ್ಡದಲ್ಲ. ಹೊಳ್ಳಿ ಬರೋದು ದೊಡ್ಡದು.”

ಅವರು ಹೊಳ್ಳಿ ಬಂದರು. ಊರೂರು ತಿರುಗಿ, ಅದೇ ಅಕ್ಟೋಬರ್ ಇಪ್ಪತ್ತಾರಕ್ಕೆ ಮುಂಬಯಿಗೂ ಬಂದರು. ಕಾಕಾ ರಜೆ ಹಾಕಿ ಹೋದ. ಎರಡು ದಿನ ಬಿಟ್ಟು ಮಂಗಳವಾರ, ಅಂದರೆ ಇಪ್ಪತ್ತೆಂಟಕ್ಕೆ, ಸಂಜೆಯ ಬಸ್ಸಿಗೆ ತಿರುಗಿ ಬಂದ. ಅಂದು ಅಂಗಾರಕ ಸಂಕಷ್ಟಿ. ಸೌಮ್ಯ ಸಂವತ್ಸರದ ಪಂಚಾಂಗದಲ್ಲಿ ನೋಡಿ ಖಚಿತ ಮಾಡಿಕೊಂಡಿದ್ದೇನೆ. ನನ್ನ ನೆನಪಿನಲ್ಲಿ ಆ ಸಂಜೆ ಹಿಂಗಾರಿಯ ಮೋಡ ದಟ್ಟವಾಗಿ ಕವಿದಿದೆ, ತುಳಸಿಕಟ್ಟೆಯ ದೀಪ ಗಾಳಿಗೆ ಮಲಗಿ ಏಳುತ್ತಿದೆ, ಅತ್ಯಾ ಅಂಗಳದಲ್ಲಿ ಕೂತಿದ್ದಾಳೆ. ಕಾಕಾ ಧೂಳುಗಾಲಿನಲ್ಲಿಯೇ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕರವಸ್ತ್ರ ಬಿಚ್ಚಿ, ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಕಪ್ಪು ಕಲ್ಲೊಂದನ್ನು ಅಂಗೈ ಮೇಲಿಟ್ಟು ಹಿಡಿದ.

“ಮ್ಯಾಲೆ ನೋಡಬ್ಯಾಡ ಅಕ್ಕಾ, ಇಲ್ಲೆ ನೋಡು. ಅವರು ತಂದದ್ದರಾಗಿನ ಚೂರು. ಮಾಸ್ತರ ಅಂದೆ, ಹುಡುಗರಿಗೆ ತೋರಸ್ರಿ ಅಂತ ಕೊಟ್ಟರು.”

“ಇದು ಚಂದ್ರ?”

“ಚಂದ್ರನಽ. ಕಣ್ಣಿಗೆ ಕಾಣಬೇಕು ಅಂತಿದ್ದೆಲ್ಲಾ? ಕೈಯಾಗಽ ಹಿಡಿ.”

ಅತ್ಯಾ ಬಹಳ ಹೊತ್ತು ಕೈ ಚಾಚಲಿಲ್ಲ. ಆಮೇಲೆ ಒಳಗೆ ಹೋಗಿ ಬೆಳ್ಳಿಯ ತಟ್ಟೆಯಲ್ಲಿ ಅಕ್ಕಿ ಹರವಿಕೊಂಡು ಬಂದಳು. ಅಕ್ಕಿಯ ಮೇಲೆ ಕಲ್ಲು, ಕಲ್ಲಿಗೆ ಗಂಧ, ಅಕ್ಷತೆ, ಒಂದು ಉದ್ಧರಣೆ ನೀರು. ಅಂದು ರಾತ್ರಿ ಅವಳು ಊಟಕ್ಕೆ ಕೂತಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಕಾಕಾ ಬಡಿಸಿದ. ಮರುದಿನದಿಂದ ಕಲ್ಲು ಕರ್ಪೂರದ ಡಬ್ಬಿ ಸೇರಿತು, ಮಡಿಯಲ್ಲಿಲ್ಲದವರು ಅದನ್ನು ಮುಟ್ಟುವಂತಿರಲಿಲ್ಲ. ಶುಭ್ರ ಆಕಾಶದ ಸಂಕಷ್ಟಿಗೆ ಮೇಲಿನ ಚಂದ್ರ, ಮೋಡದ ಸಂಕಷ್ಟಿಗೆ ತಟ್ಟೆಯ ಚಂದ್ರ. ಮನುಷ್ಯನ ಚಂದ್ರಯಾನದಿಂದ ಜಗತ್ತಿಗೆ ಏನು ದಕ್ಕಿತು ಎಂದು ವಿದ್ವಾಂಸರು ಬರೆದ ಪುಟಗಳನ್ನು ಬೇಕಾದಷ್ಟು ಓದಿದ್ದೇನೆ. ನಮ್ಮ ಮನೆಗೆ ದಕ್ಕಿದ್ದು ಅತ್ಯಾನ ಒಂದು ತುತ್ತು ಅನ್ನ.

ಆಮೇಲಿನ ಯಾನಗಳೆಲ್ಲ ನಮ್ಮ ಮನೆಯ ಸಂಗತಿಗಳೇ ಆದವು. ೧೯೭೦ರ ಏಪ್ರಿಲ್‌ನಲ್ಲಿ ಹೊರಟ ಮೂವರ ನೌಕೆ ನಡುದಾರಿಯಲ್ಲಿ ಕೆಟ್ಟು, ಅವರು ಇಳಿಯದೆ ಚಂದ್ರನನ್ನು ಸುತ್ತುಹಾಕಿ ಹೊರಳಬೇಕಾಯಿತೆಂದು ಕಾಕಾ ಹೇಳಿದಾಗ, ಅತ್ಯಾ ಏನೂ ಕೇಳದೆ ಗೂಡಿನ ಮುಂದೆ ನಂದಾದೀಪ ಹಚ್ಚಿದಳು. ಅವರು ಸುರಕ್ಷಿತವಾಗಿ ಸಮುದ್ರಕ್ಕಿಳಿದ ಸುದ್ದಿ ಬರುವವರೆಗೂ ಎಣ್ಣೆ ಸುರಿದಳು. ಅವರ ಹೆಂಡಂದಿರ ಬಗ್ಗೆ ಮಾತ್ರ ಒಮ್ಮೆ ವಿಚಾರಿಸಿದಳು. ಮುಂದೆ ಅಲ್ಲಿ ಮೋಟಾರು ಓಡಿಸಿದರು, ಗುಡ್ಡ ಹತ್ತಿದರು, ಕಲ್ಲು ಹೇರಿಕೊಂಡು ಬಂದರು. “ನೀ ಕಾಲೇಜು ಮುಗಸೂದರಾಗ ಅಲ್ಲೆ ಬಸ್‌ಸ್ಟ್ಯಾಂಡ್ ಆಗಿರತದ ರಾಘೂ” ಎಂದು ಕಾಕಾ ನನಗೆ ಮಾತು ಕೊಟ್ಟಿದ್ದ. ೧೯೭೨ರ ಡಿಸೆಂಬರ್ ಕಳೆದ ಮೇಲೆ ಮತ್ತೆ ಯಾರೂ ಹೋಗಲಿಲ್ಲ. ಹೋಗುವುದಿಲ್ಲ ಎಂದು ಕಾಕಾ ಎಂದೂ ಹೇಳಲಿಲ್ಲ. ಮುಂದಿನ ವರ್ಷ, ಅದರ ಮುಂದಿನ ವರ್ಷ ಎನ್ನುತ್ತ, ಕ್ರಮೇಣ ಆ ಮಾತನ್ನೇ ಬಿಟ್ಟ. ನಾನು ಕಾಲೇಜು ಮುಗಿಸಿದೆ. ಡಬ್ಬಿಯ ಆ ಕಲ್ಲಿನ ಆಸೆಯಿಂದಲೇ ಭೂವಿಜ್ಞಾನ ಹಿಡಿದೆ, ಸಂಶೋಧಕನಾದೆ, ಬಂಡೆಗಳನ್ನು ಸೀಳಿ ನೋಡುವುದರಲ್ಲಿ ಕೂದಲು ಬೆಳ್ಳಗಾದವು.

೨೦೦೧ರ ಮೇ ತಿಂಗಳಲ್ಲಿ ಮನೆ ಖಾಲಿ ಮಾಡಲೆಂದು ನಾವೆಲ್ಲ ಕೂಡಿದೆವು. ಆಯಿ ತೀರಿ ಬಹಳ ವರ್ಷಗಳಾಗಿದ್ದವು. ಬಾಗಿಲು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು; ಚಾವಣಿಯಿಲ್ಲದ ಪಡಸಾಲೆಯಲ್ಲಿ ಬಿಸಿಲು ನೇರವಾಗಿ ಬೀಳುತ್ತಿತ್ತು. ಕಾಕಾನ ಅಳಿಯ ಶ್ರೀಪಾದ, ಮುದ್ದೇಬಿಹಾಳದಲ್ಲಿ ಬ್ಯಾಂಕಿನ ನೌಕರ, ಮಾವನನ್ನು ಕೆಣಕುವುದರಲ್ಲಿ ಸುಖ ಕಾಣುವವ, ಚಹಾ ಹೀರುತ್ತ ಸುರು ಮಾಡಿದ.

“ಟೀವ್ಯಾಗ ತೋರಿಸಿದರ್ರೀ ಮಾವಾ. ಚಂದ್ರನ ಮ್ಯಾಲೆ ಯಾರೂ ಹೋಗೇ ಇಲ್ಲಂತ. ಎಲ್ಲಾ ಸ್ಟುಡಿಯೋದಾಗ ತಗದದ್ದು. ಗಾಳಿ ಇಲ್ಲದಲ್ಲೆ ಧ್ವಜ ಹೆಂಗ ಹಾರತದ, ಹೇಳ್ರಿ?”

“ಹಾರಿಲ್ಲಪಾ ಅದು. ಮ್ಯಾಲಿನ ಅಂಚಿಗೆ ಅಡ್ಡಕೋಲು ಹಾಕಿದ್ದರು.”

“ಹಂಗಾರ ಮೂವತ್ತು ವರ್ಷ ಆತಲ್ಲಾ, ಮತ್ಯಾಕ ಹೋಗಿಲ್ರೀ? ಖರೇ ಹೋದವರು ಒಮ್ಮೆರೆ ಹೊಳ್ಳಿ ಹೋಗತಿದ್ದರಿಲ್ಲೋ?”

ಆ ಪ್ರಶ್ನೆ ಕಾಕಾನೊಳಗೆ ಎಷ್ಟು ಹಳೆಯದೆಂದು ಶ್ರೀಪಾದನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅತ್ಯಾ ಎದ್ದಳು. ಎಪ್ಪತ್ತು ದಾಟಿದ್ದಳು, ಗೋಡೆ ಹಿಡಿದು ದೇವರ ಕೋಣೆಗೆ ಹೋಗಿ ಡಬ್ಬಿ ತಂದಳು. “ಹೋಗಿಲ್ಲಂದ್ರ ಇದು ಎಲ್ಲಿಂದ ಬಂತು ಅಳಿಯದೇವರ? ನಿಮ್ಮ ಬ್ಯಾಂಕಿನಿಂದೇನು?” ಎಲ್ಲರೂ ನಕ್ಕರು. ಶ್ರೀಪಾದನೂ ನಕ್ಕು, “ರಾಘಣ್ಣ ಕಲ್ಲಿನ ಡಾಕ್ಟರ ಇಲ್ಲೇ ಇದ್ದಾನಲ್ಲಾ, ಅವನಽ ಹೇಳಲಿ” ಎಂದ.

“ಹೇಳಲಿ” ಎಂದು ಅತ್ಯಾ ಕಲ್ಲನ್ನು ನನ್ನ ಅಂಗೈಯಲ್ಲಿಟ್ಟಳು. “ಮಡಿ ಬಾಜೂಕ ಇರಲಿ ಇವತ್ತ. ನೋಡಿ ಹೇಳಿಬಿಡು ಇವಗ.”

ಮೂವತ್ತೆರಡು ವರ್ಷಗಳಲ್ಲಿ ನಾನು ಅದನ್ನು ಮುಟ್ಟಿದ್ದು ಅದೇ ಮೊದಲು. ಭೂತಗನ್ನಡಿ ಹಿಡಿದೆ. ಚಂದ್ರನ ಕಪ್ಪು ಬಯಲುಗಳ ಶಿಲೆಯೂ ನಮ್ಮ ಎರೆಮಣ್ಣಿನ ತಳದ ಬಂಡೆಯೂ ಒಂದೇ ಕುಲದವು. ಎರಡೂ ಕರಗಿ ಹರಿದು ಆರಿದ ಲಾವಾ. ಬರಿಗಣ್ಣಿಗೆ ಮೋಸವಾಗಲು ಅಷ್ಟು ಸಾಕು. ಆದರೆ ಈ ಕಲ್ಲಿನ ಒಂದು ಸಣ್ಣ ಗುಳಿಯೊಳಗೆ ಸೂಜಿಮೊನೆಯಂಥ ಬಿಳಿಯ ಹರಳುಗಳಿದ್ದವು. ಅಂಥ ಹರಳು ಬೆಳೆಯುವುದಕ್ಕೆ ನೀರು ಬೇಕು. ಚಂದ್ರನ ಮೇಲೆ ನಡೆದ ಹನ್ನೆರಡು ಮಂದಿ ತಂದ ಕಲ್ಲುಗಳಲ್ಲಿ ಅಂಥ ಹರಳು ಇಲ್ಲ. ನಾನು ಕಣ್ಣೆತ್ತಿದಾಗ ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದ.

“ಅವನ್ನ ಕೇಳಬ್ಯಾಡ ಅಕ್ಕಾ” ಎಂದ. ಆಮೇಲೆ ಅಳಿಯನ ಕಡೆ ತಿರುಗಿ, ತರಗತಿಯಲ್ಲಿ ಮಾತಾಡುವ ದನಿಯಲ್ಲಿ, “ಅವರು ಹೋಗಿದ್ದರು ಶ್ರೀಪಾದ. ಆರು ಸಲ ಇಳದಾರ, ಹನ್ನೆರಡು ಮಂದಿ ಅಡ್ಡಾಡ್ಯಾರ. ಅದು ಖರೇ. ಈ ಕಲ್ಲು ಖರೇ ಅಲ್ಲ. ಮುಂಬಯ್ಯಾಗ ಆ ಗದ್ದಲದಾಗ ನನಗ ಅವರ ಮಾರಿನೂ ಕಾಣಲಿಲ್ಲ. ಬರೂ ಮುಂದ ಮುಳವಾಡದ ಹತ್ತರ ಬಸ್ಸು ಕೆಟ್ಟು ನಿಂತಿತ್ತು. ರಸ್ತಾಕ್ಕ ಹಾಕೋ ಖಡಿ ಗುಡ್ಡಿ ಹಾಕಿದ್ದರು. ಅದರಾಗ ಆರಿಸಿದೆ.”

ಹೊರಗೆ ಟ್ರ್ಯಾಕ್ಟರಿನವನು ಹಗ್ಗ ಬಿಗಿಯುತ್ತಿದ್ದ ಸದ್ದು ಕೇಳುತ್ತಿತ್ತು.

“ಮೋಡದ ಸಂಕಷ್ಟಿಗೆಲ್ಲಾ ಉಂಡೇನಲ್ಲೋ ವಾಮನಾ” ಎಂದಳು ಅತ್ಯಾ.

“ಅವತ್ತ ಮೋಡ ಮುಚ್ಚಿತ್ತು ಅಕ್ಕಾ. ನೀ ಮತ್ತ ಉಪಾಸ ಬೀಳತಿದ್ದಿ. ನನಗ ನೋಡಲಿಕ್ಕೆ ಆಗಲಿಲ್ಲ.”

“ಉಪಾಸ ನಂದಿತ್ತು. ನಿನಗ ಕಲ್ಲು ಕೊಡು ಅಂದಿದ್ದೆನೇನು?” ಆಮೇಲೆ ಯಾರಿಗೂ ಅಲ್ಲದಂತೆ, “ಅದಕ್ಕಽ ನಮ್ಮವರು ಬರಲಿಲ್ಲ” ಎಂದಳು.

ಅದು ಹಾಗಲ್ಲ ಎಂದು ನಾವೆಲ್ಲ ಹೇಳಿದೆವು. ಶ್ರೀಪಾದ ಅವಳ ಕಾಲು ಮುಟ್ಟಿದ. ಅವಳು ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, ಬರಿದಾದ ದೇವರ ಗೂಡಿನಲ್ಲಿಟ್ಟು, ಡಬ್ಬಿಯನ್ನಷ್ಟೇ ತೊಳೆದು ಗಂಟಿನಲ್ಲಿ ಕಟ್ಟಿಕೊಂಡಳು. ಗೋಡೆಗಳ ಜೊತೆ ಕಲ್ಲೂ ನೀರಿನ ಪಾಲಾಯಿತು. ನನಗಾದದ್ದನ್ನು ಆಗ ಹೇಳುವಂತಿರಲಿಲ್ಲ. ನನ್ನ ಓದು, ನೌಕರಿ, ಬದುಕೆಲ್ಲ ನಿಂತದ್ದು ರಸ್ತೆಬದಿಯ ಒಂದು ಚೂರು ಜಲ್ಲಿಕಲ್ಲಿನ ಮೇಲೆ ಎಂದು ತಿಳಿದವನಿಗೆ ನಗುವೂ ಬರುವುದಿಲ್ಲ, ಸಿಟ್ಟೂ ಪೂರ್ತಿ ಬರುವುದಿಲ್ಲ. ಅತ್ಯಾ ಬಾಗೇವಾಡಿಯಲ್ಲಿ ನನ್ನ ತಂಗಿಯ ಮನೆ ಸೇರಿದಳು. ಆ ಮುಪ್ಪಿನಲ್ಲಿಯೂ ಮೋಡದ ಸಂಕಷ್ಟಿಗೆ ಮರುದಿನದವರೆಗೆ ಉಪವಾಸವಿರುವುದನ್ನು ಮತ್ತೆ ಹಿಡಿದಳು, ಕಾಕಾನೊಡನೆ ಮಾತು ಬಿಟ್ಟಳು. ಅಂಥ ರಾತ್ರಿಗಳಲ್ಲಿ ಕಾಕಾನೂ ಉಣ್ಣುತ್ತಿರಲಿಲ್ಲವೆಂದು ಅವನ ಮಗಳು ಆಮೇಲೆ ಹೇಳಿದಳು. ಅದನ್ನು ಅತ್ಯಾನಿಗೆ ಮುಟ್ಟಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಅವನು ಮೊದಲು ಹೋದ. ಅವಳು ಬಂದು, ಅವನ ತಲೆಯ ಬದಿಗೆ ಕೂತು, ಎದ್ದು ಹೋದಳು. ಮೂರು ಮಳೆಗಾಲ ಕಳೆದ ಮೇಲೆ ಅವಳೂ ಹೋದಳು, ಕುಂಕುಮ ಇಟ್ಟುಕೊಂಡೇ.

ಇಷ್ಟನ್ನು ಬರೆದು ಮುಗಿಸುವ ಮೊದಲು, ಅಭ್ಯಾಸದಂತೆ, ಒಂದು ಸಂಗತಿಯನ್ನು ತಾಳೆ ನೋಡಿದೆ. ಕಲ್ಲು ಮನೆಗೆ ಬಂದ ಆ ಮಂಗಳವಾರದ ಸಂಜೆಯ ಹವಾಮಾನ. ವಿಜಾಪುರದ ವೀಕ್ಷಣಾಲಯದ ದಾಖಲೆಯ ಪ್ರತಿಯನ್ನು ತರಿಸಿಕೊಂಡೆ. ಮಳೆ ಇಲ್ಲ, ಮೋಡ ಇಲ್ಲ. ಹಿಂದಿನ ದಿನವೂ ಇಲ್ಲ, ಮರುದಿನವೂ ಇಲ್ಲ. ವಿಜಾಪುರದ ಆಕಾಶ ನಮ್ಮೂರಿನ ಆಕಾಶವಲ್ಲ ಎಂಬ ಸಂಶಯವನ್ನು ಲೆಕ್ಕಕ್ಕೆ ಹಿಡಿದರೂ, ಅಂದು ಸುಮಾರು ಎಂಟು ಗಂಟೆಗೆ ಮೂಡಿದ ಚಂದ್ರ ನಮ್ಮ ಅಂಗಳದ ಗೋಡೆಯ ಮೇಲೆ ಕಂಡಿರಲೇಬೇಕು. ಹಾಗಿದ್ದರೆ ಅತ್ಯಾನ ಆ ಒಂದು ರಾತ್ರಿಯ ವ್ರತ ಕೆಟ್ಟಿರಲಿಲ್ಲ. ಹಾಗಿದ್ದರೆ ಆ ಸಂಜೆ ಅವಳನ್ನು ಉಪವಾಸದಿಂದ ಉಳಿಸಬೇಕಾದ ಕಾರಣವೂ ಇರಲಿಲ್ಲ. ಮುಂಬಯಿಯಿಂದ ಬರಿಗೈಯಲ್ಲಿ ಬಂದವನೊಬ್ಬನಿಗೆ ಮಾತ್ರ ಆ ಕಲ್ಲು ಬೇಕಾಗಿತ್ತು. ಮೋಡವನ್ನು ನಾನು ನೋಡಿದ್ದೇನೆ. ದಾಖಲೆಯಲ್ಲಿ ಮೋಡದ ಅಂಕಣದ ಎದುರಿಗೆ ಸೊನ್ನೆ ಇದೆ.