ಓಣಿಯ ಪೈಲ್ವಾನನ ಅರ್ಧ ಬೈಠಕ್

ಕೊಪ್ಪಳದಲ್ಲಿ ನಮ್ಮ ಓಣಿಗೊಂದು ಗರಡಿಮನೆ ಇತ್ತು. ಪ್ರತಿ ವರ್ಷ ಒಬ್ಬನನ್ನು ಪೈಲ್ವಾನನೆಂದು ಆರಿಸಿ, ಪಂದ್ಯ ಮುಗಿಯುವವರೆಗೆ ಮನೆಗೊಂದು ಪಾಳಿಯಂತೆ ಅವನಿಗೆ ಹಾಲು ಕೊಡುವುದು ಓಣಿಯ ರೂಢಿ. ಮಹಾಯುದ್ಧದ ತುಟ್ಟಿಯ ಕಾಲದಲ್ಲಿ ಆ ಪೈಲ್ವಾನಪಟ್ಟ ನನಗೆ ಬಂತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಮಲ್ಲಿಗೆ ನಾನು. ಎದುರುಮನೆಯ ನೇಕಾರನ ಹೆಂಡತಿ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಹಾಲು ತರುತ್ತಿದ್ದಳು. ಕೂಸು ತಂಬಿಗೆಯನ್ನೇ ನೋಡುತ್ತಿತ್ತು. ನಾನು ಬೇರೆ ಕಡೆ ನೋಡುತ್ತ ಗಟಗಟ ಕುಡಿದುಬಿಡುತ್ತಿದ್ದೆ.

ಪಂದ್ಯ ನಾಗರ ಪಂಚಮಿಗೆ, ಕುಕನೂರಿನಲ್ಲಿ. ಕುಸ್ತಿಯಲ್ಲ. ಗಾಡಿಯ ಕಬ್ಬಿಣದ ಅಚ್ಚಿನ ಎರಡೂ ತುದಿಗೆ ಬೀಸುವ ಕಲ್ಲು ತೂರಿಸಿ, ಅದನ್ನು ಹೆಗಲ ಮೇಲೆ ಹೊತ್ತು, ತೊಡೆ ಮೀನಖಂಡಕ್ಕೆ ತಾಗುವಷ್ಟು ಕೆಳಗೆ ಕೂತು ಏಳಬೇಕು. ಎಷ್ಟು ಜೋಡಿ ಕಲ್ಲು ಎಂಬುದನ್ನು ಹೊರುವವನೇ ಮೊದಲು ಹೇಳಬೇಕು, ಅವಕಾಶ ಒಂದೇ. ಹೆಚ್ಚು ಹೊತ್ತು ಎದ್ದವನು ಗೆದ್ದ.

ಹಾಲು ಕೊಟ್ಟವರು ಸಂಜೆ ಗರಡಿಯ ಬಾಗಿಲಲ್ಲಿ ಇಣುಕುತ್ತಿದ್ದರು. ಅವರ ಕಣ್ಣಿಗೆ ಬೀಳುವುದು ಕಲ್ಲು, ನನ್ನ ಮೊಣಕಾಲಲ್ಲ. ಅವರ ಮುಂದೆ ಮೂರು ಜೋಡಿ ಏರಿಸಿಕೊಂಡೆ. ಬೈಠಕ್ ಮಾತ್ರ ಅರ್ಧಕ್ಕೇ ನಿಂತಿತು. ಪರವೂರಿಗೆ ಹೋಗಿದ್ದ ಗರಡಿಯ ಉಸ್ತಾದರು ಬಂದವರೇ ನೋಡಿದರು.

“ಬೀಗರ ಮನೀ ಹೊಸ್ತಿಲಾ ಮುಟ್ಟಿ, ಒಳಗ ಹೋಗದ ತಿರುಗಿ ಬಂದಂಗ ಆತು ಇದು,” ಎಂದು ಕಲ್ಲೆಲ್ಲ ತೆಗೆಸಿ ಹೆಗಲಿಗೆ ಒಂದು ಖಾಲಿ ಬಿದಿರು ಕೊಟ್ಟರು. “ಹಿಮ್ಮಡಿ ಎತ್ತಬ್ಯಾಡ. ಮೊಣಕಾಲು ಹೊರಗ ತಗಿ. ಎದಿ ಬಗ್ಗಸಬ್ಯಾಡ.”

ಕಂಬ ಹಿಡಿದು ಕೂತು ಕೂತು ಸೊಂಟ ಸಡಿಲಾಯಿತು, ಹಿಮ್ಮಡಿ ನೆಲ ಕಚ್ಚಿತು. ಮೆಲ್ಲಗೆ ಎರಡು ಜೋಡಿಯವರೆಗೆ ಬಂದೆ, ಅದೂ ಪೂರಾ ಕೂತು. ಆದರೆ ಬಿದಿರು ಹೊತ್ತ ದಿನಗಳಲ್ಲಿ ಬಾಗಿಲ ಕಡೆ ತಿರುಗಿದರೆ ನಾಚಿಕೆಯಿಂದ ಮುಖ ಬಿಸಿಯಾಗುತ್ತಿತ್ತು. ನೇಕಾರ ಒಮ್ಮೆ, “ಮೈಯಾಗ ಆರಾಮ ಇಲ್ಲೇನೋ?” ಎಂದು ಕೇಳಿದ. ಜ್ವರ ಎಂದೆ. ಅಂದಿನಿಂದ ಹಾಲಿಗೆ ಅರಿಸಿನವೂ ಬಿತ್ತು.

ಪಂಚಮಿಯ ದಿನ ಓಣಿಯವರು ಬಂಡಿ ಕಟ್ಟಿಕೊಂಡು ಬಂದರು. ಉಸ್ತಾದರು ಕಿವಿಯಲ್ಲಿ, “ಎರಡ ಜೋಡಿ ಅನ್ನು. ಅದು ನಿನ್ನ ಕೈಲಾಗ್ತೈತಿ,” ಎಂದರು. ಅಷ್ಟೂ ಮುಖಗಳು ನನ್ನನ್ನೇ ನೋಡುತ್ತಿದ್ದವು. ನನ್ನ ಬಾಯಿ “ಮೂರು” ಎಂದಿತು.

ಕೂತದ್ದು ಚಂದವೇ. ಹಿಮ್ಮಡಿ ಅಲುಗಲಿಲ್ಲ, ಎದೆ ಬಗ್ಗಲಿಲ್ಲ, ತೊಡೆ ಪೂರಾ ತಾಗಿತು. ಏಳಲು ಮಾತ್ರ ಆಗಲಿಲ್ಲ. ಜನ ಸ್ವಲ್ಪ ಹೊತ್ತು ಕಾದರು, ಆಮೇಲೆ ನಕ್ಕರು. ನೇಕಾರನೇ ಓಡಿಬಂದು ಅಚ್ಚಿಗೆ ಹೆಗಲು ಕೊಟ್ಟು ನನ್ನನ್ನು ಬಿಡಿಸಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ವಾಪಸು ಬರುವಾಗ ಯಾರೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬಂಡಿ ಹತ್ತಲು ನಾಚಿಕೆಯಾಗಿ ಹಿಂದೆ ನಡೆಯುತ್ತಿದ್ದೆ. ಮುಂದಿನ ಬಂಡಿಯಲ್ಲಿ ನೇಕಾರನ ಹೆಂಡತಿ ಗಂಡನಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು:

“ನಂದ ತಪ್ಪು. ಕೂಸಿಗೆ ಅಂತ ದಿನಾ ಒಂದೀಟು ಹಾಲು ಉಳಿಸ್ಕೊಂತಿದ್ದೆ. ಪೂರಾ ಕೊಡಬೇಕಾಗಿತ್ತು.”

ಗಂಡ ಹೂಂ ಎಂದ.